ಐದು ಮಾತ್ರೆಯ ಜಾಗ

ಕಾಂತೇಶ್ ಬಂದು ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತಾಗ ನಾನು ಮೊದಲ ವರ್ಷದ ಮಕ್ಕಳಿಗೆ ಲೋಲಕದ ಪ್ರಯೋಗ ಮಾಡಿಸುತ್ತಿದ್ದೆ. ಇಪ್ಪತ್ತು ತೂಗಾಟಕ್ಕೆ ಎಷ್ಟು ಸೆಕೆಂಡು ಎಂದು ಅವರು ಸ್ಟಾಪ್‌ವಾಚ್ ಹಿಡಿದು ಎಣಿಸುತ್ತಿದ್ದರು. ಕಾಂತೇಶ್ ಕಟ್ಟೆಹಟ್ಟಿಯ ಕುರಿಗಾರ; ನನಗೆ ಹಾಡು ಹೇಳಿದ ಓಬಮ್ಮನ ಮಗ. ಕೊಟ್ಟೂರಿಗೆ ಬಂದರೆ ಸಂತೆ ಮುಗಿಸಿಕೊಂಡು ಹೋಗುವವನೇ ಹೊರತು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಚಪ್ಪಲಿಯನ್ನು ಹೊರಗೆ ಬಿಟ್ಟಿದ್ದ. ಕೈಯಲ್ಲಿ ಸುರುಳಿ ಸುತ್ತಿದ ಒಂದು ಪತ್ರಿಕೆ ಇತ್ತು.

“ಇದು ನೀವು ಬರದದ್ದೇನ್ರಿ ಮೇಡಂ?”

ಸುರುಳಿ ಬಿಡಿಸಿ ನೋಡಿದೆ. ಹರಪನಹಳ್ಳಿಯಿಂದ ಮೂರು ತಿಂಗಳಿಗೊಮ್ಮೆ ಬರುವ ಸಣ್ಣ ಸಾಹಿತ್ಯ ಪತ್ರಿಕೆ. ಒಳಗೆ ನನ್ನ ಲೇಖನ: ‘ಗೋಕಟ್ಟೆಯ ಹಾಡು – ಲಯ, ಪ್ರಾಸ, ಪುನರಾವರ್ತನೆ’. ಕೆಳಗೆ ನನ್ನ ಹೆಸರು, ನಾಗರತ್ನ, ಭೌತಶಾಸ್ತ್ರ ಉಪನ್ಯಾಸಕಿ. ಯಾರೋ ಕೆಂಪು ಪೆನ್ನಿನಿಂದ ಒಂದು ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು. ‘ಏಳನೆಯ ಪದ್ಯ ಪ್ರಕ್ಷಿಪ್ತವೆಂಬುದರಲ್ಲಿ ಅನುಮಾನವಿಲ್ಲ.’

“ಹೂಂ, ನಂದೇ. ಯಾಕಪ?”

“ಪ್ರಕ್ಷಿಪ್ತ ಅಂದ್ರ ಏನ್ರಿ?”

“ಮೊದಲು ಇರಲಿಲ್ಲ, ಆಮೇಲೆ ಯಾರೋ ಸೇರಿಸಿದ್ದು ಅಂತ.”

ಅವನು ನನ್ನ ಮುಖ ನೋಡಲಿಲ್ಲ. ತೂಗುತ್ತಿದ್ದ ಲೋಲಕವನ್ನು ನೋಡಿದ. “ಹಂಗಾರ ಪಾಲಣ್ಣ ಓದಿಸಿ ಹೇಳಿದ್ದು ಖರೇನ ಅನ್ರಿ. ನಾ ನಮ್ಮವ್ವಗ, ಮೇಡಂ ಹಂಗ ಬರಿಯಾಂಗಿಲ್ಲಬೇ ಅಂತ ಹೇಳಿ ಬಸ್ ಹತ್ತಿದ್ನಿ.”

ಅದು ಗುರುವಾರ, 1998ರ ಡಿಸೆಂಬರ್. ಮಕ್ಕಳಿಗೆ ತೂಗಾಟ ಎಣಿಸುತ್ತಿರಲು ಹೇಳಿ ಅವನನ್ನು ಪಡಸಾಲೆಗೆ ಕರೆದುಕೊಂಡು ಹೋದೆ. ಅಲ್ಲಿ ಅವನು ಹೇಳಿದ್ದು ಇಷ್ಟು.

ಕಟ್ಟೆಹಟ್ಟಿಯ ಗೋಕಟ್ಟೆ ಕಲ್ಲು ಕಟ್ಟಿದ ಹೊಂಡ. ಏಳು ಮೆಟ್ಟಿಲು ಇಳಿದರೆ ನೀರು. ತಳದಲ್ಲಿ ಒಂದು ಒರತೆ. ಅಲ್ಲಿ ಕುರಿಗೆ ನೀರು ಕುಡಿಸುವ ಹಕ್ಕು ಏಳು ಮನೆಗಳದು. ದಿನವೂ ಏಳು ಹಿಂಡು ಬರುತ್ತವೆ. ಆದರೆ ವಾರದ ಒಂದೊಂದು ದಿನ ಒಂದೊಂದು ಮನೆಗೆ ಮೊದಲ ನೀರು. ಐತಾರ, ಅಂದರೆ ಭಾನುವಾರ, ಓಬಮ್ಮನ ಮನೆಯದು. ಈ ಹಕ್ಕಿಗೆ ಕಾಗದ ಪತ್ರ ಯಾವುದೂ ಇಲ್ಲ. ಇರುವುದು ಒಂದು ಹಾಡು. ಕಟ್ಟೆ ಕಟ್ಟಿದ ಕತೆ ಹೇಳುತ್ತ ಹೋಗಿ, ಕೊನೆಯ ಏಳು ಪದ್ಯಗಳಲ್ಲಿ ಒಂದೊಂದು ಮನೆಯ ಮೂಲಪುರುಷನಿಗೆ ಒಂದೊಂದು ವಾರ ಹಂಚುವ ಉದ್ದನೆಯ ಹಾಡು. ಆ ಏಳರಲ್ಲೇ ಒಂದಾದ ಎದುರು ಮನೆಯ ಪಾಲಣ್ಣನ ಹಿಂಡು ಬೆಳೆದು ಈಗ ಎರಡಾಗಿತ್ತು. ಎರಡನೆಯ ಹಿಂಡಿಗೆ ಅವನು ಐತಾರ ಕೇಳಿದ್ದ. ಏಳನೆಯ ಪದ್ಯವನ್ನು ಓಬಮ್ಮನ ಅತ್ತೆ ತಾನೇ ಕಟ್ಟಿ ಸೇರಿಸಿದ್ದು, ಮೂಲದಲ್ಲಿ ಆರೇ ಮನೆ, ಓದಿದವರೇ ಹೀಗೆ ಬರೆದಿದ್ದಾರೆ ಎಂದು ನನ್ನ ಲೇಖನವನ್ನು ಹಿರಿಯರ ಮುಂದೆ ಇಟ್ಟಿದ್ದ.

“ಐತಾರ ಮುಂಜಾನಿ ಎಂಟಕ್ಕ ಕಟ್ಟಿ ಮ್ಯಾಲೆ ಕೂಡ್ತಾರ್ರಿ. ಆರಾ ಮನಿ ಅಂತ ಆತು ಅಂದ್ರ ನಮಗ ಒಂದಿನ ಅಲ್ಲ, ನೀರಾ ಇಲ್ಲ. ಹಳ್ಳ ನಾಕು ಮೈಲಿ ಐತಿ. ಎಂಬತ್ತು ಕುರಿ ಅದಾವ, ಅದ್ರಾಗ ಮೂವತ್ತು ಎಳೀ ಮರಿ. ಮರಿ ನಾಕು ಮೈಲಿ ನಡೀತಾವೇನ್ರಿ?”

“ನಾನು ಹಾಡಿನ ಬಗ್ಗೆ ಬರದಿದ್ದೆ ಕಾಂತೇಶ್, ನೀರಿನ ಬಗ್ಗೆ ಅಲ್ಲ,” ಅಂದೆ. ಅಂದ ಮೇಲೆ ಅದು ಎಷ್ಟು ಹಗುರ ಮಾತು ಎಂದು ನನಗೇ ಕೇಳಿಸಿತು.

“ಅಲ್ಲಿ ಎರಡೂ ಒಂದಾ ರಿ,” ಎಂದು ಅವನು ಚಪ್ಪಲಿ ಮೆಟ್ಟಿದ.

*

ಹಾಡನ್ನು ನಾನು ಧ್ವನಿಮುದ್ರಿಸಿದ್ದು ಆ ವರ್ಷದ ಬೇಸಿಗೆ ರಜೆಯಲ್ಲಿ. ಹಿಂದೆ ವರ್ಷಕ್ಕೊಮ್ಮೆ ಹೂಳೆತ್ತುವ ದಿನ ಹೆಂಗಸರು ಕಟ್ಟೆಯೊಳಗೆ ಇಳಿದು ಇದನ್ನು ಹಾಡುತ್ತಿದ್ದರಂತೆ. ಗಂಡಸರು ಆ ದಿನ ಕುರಿ ಹೊಡೆದುಕೊಂಡು ದೂರ ಹೋಗಿರುತ್ತಿದ್ದರು. ಒರತೆಯ ಕಣ್ಣಷ್ಟು ಬಿಟ್ಟು ತಳಕ್ಕೆ ಸಿಮೆಂಟು ಬಳಿದ ಮೇಲೆ ಹೂಳೂ ನಿಂತಿತು, ಹಾಡೂ ನಿಂತಿತು. ಪೂರ್ತಿ ಬರುತ್ತಿದ್ದುದು ಓಬಮ್ಮನೊಬ್ಬಳಿಗೆ. ಕಣದಲ್ಲಿ ಕೂರಿಸಿ ಹಾಡಿಸಿದ ದಿನ ಸೊಲ್ಲು ಹಿಡಿಯಲು ನಾಲ್ವರು ಮುದುಕಿಯರು ಬಂದಿದ್ದರು. ಓಬಮ್ಮ ಒಂದು ಸಾಲು ಹಾಡಿದರೆ ಅವರು ಹಿಂದಿನಿಂದ ಎತ್ತಿಕೊಳ್ಳುತ್ತಿದ್ದರು. ಕತೆ ಉದ್ದವಾಗಿ, ಆರನೆಯ ಪದ್ಯಕ್ಕೆ ನನ್ನ ಕ್ಯಾಸೆಟ್ ಮುಗಿಯಿತು. ಏಳನೆಯದನ್ನು ಮರುದಿನ ಓಬಮ್ಮನ ಮನೆಯಲ್ಲಿ, ಹೊಸ ಕ್ಯಾಸೆಟ್ ಹಾಕಿ, ಅವಳೊಬ್ಬಳನ್ನೇ ಕೂರಿಸಿಕೊಂಡು ಹಾಡಿಸಿಕೊಂಡೆ. ಹಾಡಿದ ಮೇಲೆ ಅವಳು, “ಚಾಕ್ಕ ಬಿಳೇದು ಹಾಕ್ಲೇನ್ರಿ, ಕರೀದ ಕುಡೀತೀರೊ?” ಎಂದು ಕೇಳಿದ್ದಳು. ಹಾಲಿಗೆ ಹಟ್ಟಿಯಲ್ಲಿ ‘ಬಿಳೇದು’ ಎನ್ನುತ್ತಾರೆ ಎಂದು ಟಿಪ್ಪಣಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದೆ.

ಆರು ಪದ್ಯಗಳ ಕಟ್ಟಡ ನನಗೆ ಹರಳಿನ ರಚನೆಯಷ್ಟು ಖಚಿತವಾಗಿ ಕಂಡಿತ್ತು. ಮೊದಲನೆಯದು ಹೀಗೆ:

ಬೋರಣ್ಣ ಬಂದಾನ ಬುತ್ತೀಯ ಹೊತ್ತು
ಬೋರಣ್ಣ ತಂದಾನ ಬಂಡೀಯ ಕಲ್ಲು
ಬೋರಣ್ಣ ಹಾಕ್ಯಾನ ಮೊದಲೀನ ಸಾಲು
ಸೋಮಾರ ಬೋರಣ್ಣ ಹಿಂಡೀಗೆ ನೀರು

ಗಿಡ್ಡ ಅಕ್ಷರಕ್ಕೆ ಒಂದು ಮಾತ್ರೆ, ಉದ್ದಕ್ಕೆ, ಸೊನ್ನೆ ಇದ್ದದ್ದಕ್ಕೆ, ಒತ್ತಕ್ಷರದ ಹಿಂದಿನದಕ್ಕೆ ಎರಡು ಎಂದು ಎಣಿಸಿದರೆ ಪ್ರತಿ ಸಾಲೂ ಐದು, ಐದು, ಐದು, ಮೂರು. ಒಟ್ಟು ಹದಿನೆಂಟು. ಹೆಸರು ಮೂರು ಸಾಲಿನ ತಲೆಯಲ್ಲಿ ಬರುವುದರಿಂದ ಎರಡನೆಯ ಅಕ್ಷರದ ಪ್ರಾಸ ತಾನಾಗಿ ಕೂಡುತ್ತದೆ. ನಾಲ್ಕನೆಯ ಸಾಲಿನಲ್ಲಿ ವಾರ ಮುಂದೆ ಬಂದು ಹೆಸರು ಎರಡನೆಯ ಜಾಗಕ್ಕೆ ಸರಿಯುತ್ತದೆ. ದೊಡ್ಡಣ್ಣ, ಚೌಡಣ್ಣ, ಕಾಟಣ್ಣ, ಮಾರಣ್ಣ, ಈರಣ್ಣ ಎಲ್ಲರಿಗೂ ಇದೇ ಅಚ್ಚು. ಇಪ್ಪತ್ನಾಲ್ಕು ಸಾಲಿನಲ್ಲಿ ಒಂದೂ ತಪ್ಪಿಲ್ಲ. ಏಳನೆಯದು ಮಾತ್ರ ಹೀಗಿತ್ತು:

ಇಳಿದಾಳ ಮೆಟ್ಟೀಲ ಏಳು
ಬಗದಾಳ ಕೆಸರೀನ ಕಣ್ಣು
ನಿಂತಾಳ ಬರಲಿಲ್ಲ ಮ್ಯಾಲೆ
ಐತಾರ ಹಿಂಡೀಗೆ ನೀರು

ಸಾಲಿಗೆ ಹದಿಮೂರೇ ಮಾತ್ರೆ. ಪ್ರಾಸವಿಲ್ಲ. ಹೆಸರಿಲ್ಲ, ಹಾಗಾಗಿ ಪುನರಾವರ್ತನೆಯೂ ಇಲ್ಲ. ಮೂರು ಪರೀಕ್ಷೆಯಲ್ಲೂ ಫೇಲು. ಬೇರೆ ಯಾರೋ ಬೇರೆ ಕಾಲದಲ್ಲಿ ಕಟ್ಟಿದ್ದು ಎಂದು ನಾನು ಬರೆದೆ; ಬರೆಯುವಾಗ ಖುಷಿಯಾಗಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು. ಆ ಸಾಲುಗಳಲ್ಲಿ ಒರತೆಯ ಕಣ್ಣು ಬಿಡಿಸಲು ಇಳಿದು ಮೇಲೆ ಬಾರದ ಒಬ್ಬ ಹೆಂಗಸು ಇದ್ದಾಳೆ ಎಂಬುದು ನನ್ನ ಕೋಷ್ಟಕದಲ್ಲಿ ಎಲ್ಲೂ ಬಂದಿರಲಿಲ್ಲ.

ಗುರುವಾರ ಸಂಜೆ ಮನೆಗೆ ಬಂದವಳೇ ಕ್ಯಾಸೆಟ್ ಹುಡುಕಿದೆ. ಪ್ರಯೋಗಶಾಲೆಯ ಸ್ಟಾಪ್‌ವಾಚನ್ನು ಚೀಲದಲ್ಲಿ ಹಾಕಿಕೊಂಡೇ ಬಂದಿದ್ದೆ. ಬರೆದುಕೊಂಡದ್ದನ್ನು ಮುಚ್ಚಿಟ್ಟು ಬರೀ ಕಾಲವನ್ನು ಅಳೆದೆ. ಮೊದಲ ಆರು ಪದ್ಯಗಳಲ್ಲಿ ಓಬಮ್ಮನ ಒಂದು ಸಾಲಿಗೆ ಐದು ಸೆಕೆಂಡು, ಮೇಲೆ ನಾಲ್ಕು ಹತ್ತಾಂಶ. ಹೆಚ್ಚು ಕಡಿಮೆ ಒಂದು ಹತ್ತಾಂಶದ ವ್ಯತ್ಯಾಸ, ಅಷ್ಟೆ. ಏಳನೆಯದಕ್ಕೆ ಬಂದೆ. ಪದಗಳು ಮೂರು ಸೆಕೆಂಡು, ಒಂಬತ್ತು ಹತ್ತಾಂಶ. ಆದರೆ ಒಂದು ಸಾಲು ಮುಗಿದು ಮುಂದಿನದು ಶುರುವಾಗುವ ನಡುವೆ ಅವಳು ಸುಮ್ಮನಿದ್ದಳು. ಉಸಿರು ತೆಗೆದುಕೊಳ್ಳುತ್ತಿದ್ದಾಳೆ, ವಯಸ್ಸಾಗಿದೆ ಎಂದು ನಾನು ಮೇ ತಿಂಗಳಲ್ಲಿ ಅಂದುಕೊಂಡಿದ್ದೆ. ಆ ಸುಮ್ಮನಿರುವಿಕೆಯನ್ನು ಅಳೆದೆ. ರಾಗ ಹಿಡಿಯಲು ಅವಳು ಮೊದಲು ಈರಣ್ಣನ ಕೊನೆಯ ಸಾಲು ಹಾಡಿಕೊಂಡಿದ್ದಳು; ಅದಾದ ಮೇಲೆ ಒಂದೂವರೆ ಸೆಕೆಂಡು. ಎರಡನೆಯ ಸಾಲಿನ ಮೊದಲು ಒಂದೂವರೆ. ಮೂರನೆಯದರ ಮೊದಲು ಒಂದೂವರೆ. ನಾಲ್ಕನೆಯ ಸಾಲಿನಲ್ಲಿ ಅದು ತಲೆಯಲ್ಲಿರಲಿಲ್ಲ. ‘ಐತಾರ’ ಎಂದು ಹಾಡಿ, ಒಂದೂವರೆ ಸೆಕೆಂಡು ತಡೆದು, ‘ಹಿಂಡೀಗೆ ನೀರು’ ಎಂದಿದ್ದಳು.

ಉಸಿರಿಗಾಗಿ ನಿಲ್ಲುವವರು ಒಂದು ಪದದ ನಂತರ ನಿಲ್ಲುವುದಿಲ್ಲ. ಒಂದು ಮಾತ್ರೆಗೆ ಸೆಕೆಂಡಿನ ಮೂರು ಹತ್ತಾಂಶ ಹಿಡಿದರೆ ಒಂದೂವರೆ ಸೆಕೆಂಡಿಗೆ ಸರಿಯಾಗಿ ಐದು ಮಾತ್ರೆ. ಹೆಸರು ಇರಬೇಕಾದ ನಾಲ್ಕೂ ಜಾಗದಲ್ಲಿ ಓಬಮ್ಮ ಹೆಸರಿನಷ್ಟೇ ಉದ್ದದ ಮೌನವನ್ನು ಹಾಡಿದ್ದಳು. ನಾನು ಕಿವಿಗೆ ಬಿದ್ದ ಅಕ್ಷರಗಳನ್ನಷ್ಟೇ ಬರೆದುಕೊಂಡು, ಸಾಲು ಮೋಟು ಎಂದು ತೀರ್ಪು ಕೊಟ್ಟಿದ್ದೆ.

ಹೆಸರು ಮರೆತಿದ್ದಳೇ? ಮೂರು ನೂರು ಸಾಲು ನೆನಪಿಟ್ಟವಳು ತನ್ನ ಮನೆಯ ಹೆಸರನ್ನೇ ಮರೆಯುತ್ತಾಳೆಯೇ?

*

ಉತ್ತರ ಸಿಕ್ಕಿದ್ದು ಶುಕ್ರವಾರ, ಕಾಲೇಜಿನ ಆಫೀಸಿನಲ್ಲಿ. ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು ತಂಬ್ರಹಳ್ಳಿಯಿಂದ ದುರುಗಮ್ಮ ಎಂಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಿದ್ದಳು. ಗುಮಾಸ್ತರು ಒಂದೊಂದೇ ಕೇಳಿ ಬರೆದುಕೊಳ್ಳುತ್ತಿದ್ದರು. ಊರು ಹೇಳಿದಳು, ಜಮೀನು ಹೇಳಿದಳು. “ಯಜಮಾನ್ರ ಹೆಸರು?” ಎಂದಾಗ ಬಾಯಿ ಮುಚ್ಚಿಕೊಂಡು ಮಗಳನ್ನು ಮೊಣಕೈಯಿಂದ ತಿವಿದಳು. ಗುಮಾಸ್ತರ ಪೆನ್ನು ಕಾಗದದ ಮೇಲೆ ಎತ್ತಿದಂತೆಯೇ ಕಾದಿತು. ಮಗಳು, “ಅಂಜಿನೇಯಲು,” ಅಂದಳು. ಪೆನ್ನು ಇಳಿಯಿತು. ದುರುಗಮ್ಮ ಏನೂ ಆಗದವಳಂತೆ ಮುಂದಿನ ಪ್ರಶ್ನೆಗೆ ಉತ್ತರ ಹೇಳಿದಳು.

ಇದನ್ನು ನಾನು ಚಿಕ್ಕಂದಿನಿಂದ ನೂರು ಸಲ ನೋಡಿದ್ದೇನೆ. ಗಂಡನ ಹೆಸರು ಹೇಳುವುದಿಲ್ಲ, ಗಂಡನ ಮನೆಯ ಹಿರಿಯರ ಹೆಸರು ಹೇಳುವುದಿಲ್ಲ, ಪಕ್ಕದವರು ಹೇಳುತ್ತಾರೆ. ನಾನು ಗಂಡನನ್ನು ಹೆಸರು ಹಿಡಿದು ಕರೆಯುವವಳಾದ್ದರಿಂದ ಅದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಬೋರಣ್ಣ, ಚೌಡಣ್ಣ ಓಬಮ್ಮನಿಗೆ ಬೇರೆ ಮನೆಯವರು. ಏಳನೆಯವಳು ಅವಳ ಗಂಡನ ಮನೆಯ ಮೂಲದ ಹೆಂಗಸು. ಓಬಮ್ಮ ಆ ಮನೆಯ ಸೊಸೆ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಹಟ್ಟಿಗೆ ಹೋದೆ. ಓಬಮ್ಮ ಅಂಗಳದಲ್ಲಿ ಉಣ್ಣೆ ಬಿಡಿಸುತ್ತ ಕೂತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ. “ಬರ್ರಿ, ನೆಳ್ಳಿಗೆ ಕುಂದರ್ರಿ,” ಅಂದಳು.

“ನಿಮ್ಮ ಹಾಡಿನ ಏಳನೇ ಪದದಾಗ ಹೆಸರು ಐತಲ್ಲ ಓಬಮ್ಮ? ನೀವು ಬಿಟ್ಟು ಹಾಡಿದ್ರಿ.”

“ಬಿಡದಾ ಮತ್ತ. ನಾ ಹೆಂಗ ಹೇಳ್ಲಿ? ಅಲ್ಲಿ ಸೊಲ್ಲಿನೋರು ಹೇಳ್ತಾರ. ಅವತ್ತು ಸೊಲ್ಲಿಗೆ ಯಾರೂ ಇರಲಿಲ್ಲ. ನೀವೂ ಒಬ್ಬರ ಮನಿ ಸೊಸಿ ಅಲ್ಲೇನು, ನಿಮಗ ಗೊತ್ತಿರ್ತೈತಿ ಅಂದ್ಕಂಡ್ನಿ.”

“ನನಗ ಗೊತ್ತಾಗಲಿಲ್ಲ.”

“ಈಗ ಆತಲ್ಲ,” ಎಂದು ಅವಳು ಉಣ್ಣೆಯಲ್ಲಿ ಸಿಕ್ಕಿದ ಮುಳ್ಳು ಕಿತ್ತು ಒಗೆದಳು.

“ನಾಳೆ ಒಂದು ಸಲ ಬಾಯಿ ಬಿಟ್ಟು ಹೇಳಿದ್ರ ಏನಾಗ್ತೈತಿ?”

“ಏನಾಗ್ತೈತೋ ಯಾರಿಗೆ ಗೊತ್ತು. ಐವತ್ತೆರಡು ವರ್ಷ ಹೇಳಿಲ್ಲ. ಈಗ ನೀರು ತಪ್ತೈತಿ ಅಂತ ಹೇಳಿದ್ನಿ ಅಂದ್ರ, ನಾಡಿದ್ದು ಯಾವ ಮಖ ಹೊತ್ಕಂಡು ಆ ಮೆಟ್ಲ ಇಳೀಲಿ? ಮತ್ತ ನಾ ಹೇಳಿದ್ರ ಪಾಲಣ್ಣ ಏನಂತಾನ? ಈಕಿ ರಾತ್ರಿ ಕುಂತು ಹುಟ್ಟಿಸಿದ್ಲು ಅಂತಾನ. ಬ್ಯಾರೆಯೋರ ಬಾಯಿಂದ ಬರಬೇಕ್ರಿ ಅದು.”

ಕಾಂತೇಶನಿಗೆ ಹೆಸರು ಗೊತ್ತಿರಲಿಲ್ಲ. ತಂದೆ ತೀರಿಕೊಂಡಿದ್ದ; ಹೇಳಿಕೊಡಬೇಕಾದ ತಾಯಿಯೇ ಹೇಳುವಂತಿಲ್ಲ. ಹೂಳೆತ್ತುವ ದಿನ ಗಂಡಸರು ಕಟ್ಟೆಯ ಹತ್ತಿರ ಇರುತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ‘ಆಯಿ’ ಎನ್ನುತ್ತಿದ್ದರು. ಸೊಲ್ಲು ಹಿಡಿಯುತ್ತಿದ್ದ ನಾಲ್ವರಲ್ಲಿ ಮೂವರು ಬೇರೆ ಮನೆಗಳವರು. ಗಂಡಸರ ಜಗಳಕ್ಕೆ ಬಾಯಿ ಹಾಕಬೇಡಿ ಎಂದು ಅವರಿಗೆ ತಾಕೀತಾಗಿತ್ತು. ನಾಲ್ಕನೆಯವಳು ಈರಕ್ಕ, ಓಬಮ್ಮನ ಗಂಡನ ತಂಗಿ. ಆ ಮನೆಯಲ್ಲಿ ಹುಟ್ಟಿದ ಮಗಳು. ಅವಳಿಗೆ ಹೆಸರು ಹೇಳಲು ಅಡ್ಡಿಯಿಲ್ಲ. ಆದರೆ ಈರಕ್ಕನನ್ನು ಕೊಟ್ಟಿದ್ದು ಎದುರು ಮನೆಗೆ. ಅವಳು ಪಾಲಣ್ಣನ ತಾಯಿ.

*

ನಾನು ಹೋದಾಗ ಈರಕ್ಕ ಮೇಕೆಯ ಹಾಲು ಕರೆದು ತಂಬಿಗೆ ಹಿಡಿದು ಏಳುತ್ತಿದ್ದಳು. “ಹಾಲು ಕುಡೀತೀರೇನ್ರಿ, ಬಿಸಿ ಐತಿ ಇನ್ನಾ,” ಎಂದಳು. ಈ ಮನೆಯಲ್ಲಿ ಹಾಲಿಗೆ ಹಾಲೇ ಅನ್ನುತ್ತಾರೆ ಎಂಬುದು ಮನಸ್ಸಿಗೆ ಬಂತು, ಹೋಯಿತು. ನಾನು ವಿಷಯ ಎತ್ತುವ ಮೊದಲೇ ಪಾಲಣ್ಣ ಒಳಗಿನಿಂದ ಬಂದ. ಮೂರ್ನಾಲ್ಕು ಮಾತಿಗೊಮ್ಮೆ ನಗುವ, ಗಟ್ಟಿ ಮೈಯ ಮನುಷ್ಯ.

“ಏನ್ ಮೇಡಂ, ಬರದದ್ದು ಅಳಸಾಕ ಬಂದ್ರೇನು? ಅಚ್ಚಾಗೈತ್ರಿ ಅದು, ರಬ್ಬರಿಗೆ ಹೋಗಂಗಿಲ್ಲ.”

“ತಪ್ಪು ಬರದಿದ್ದೆ ಪಾಲಣ್ಣ. ಒಂದು ಹೆಸರು ಬಿಟ್ಟು ಹೋಗಿತ್ತು. ಐದು ಮಾತ್ರೆ ಕಮ್ಮಿ ಬಿದ್ದದ್ದು ಅದಕ್ಕಾ.”

“ಐದು ಮಾತ್ರಿ? ನಮ್ಮ ಡಾಕ್ಟರು ಮೂರಾ ಕೊಡ್ತಾನ, ಮುಂಜಾನಿ ಮಧ್ಯಾನ ಸಂಜಿ.” ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ನಗದೆ ಹೇಳಿದ: “ನಮ್ಮವ್ವನ್ನ ಇದ್ರಾಗ ಎಳೀಬ್ಯಾಡ್ರಿ. ಬಂದೀರಿ, ಕುಂತೀರಿ, ಹಾಲು ಕುಡದು ಹೋಗ್ರಿ.”

ಈರಕ್ಕ ಲೋಟ ನನ್ನ ಮುಂದೆ ಇಟ್ಟಳು. ಅವನು ಹಿತ್ತಿಲಿಗೆ ಹೋದ ಮೇಲೆ ನಾನು ದನಿ ತಗ್ಗಿಸಿ ಕೇಳಿದೆ.

“ಹಾಡಿನ್ಯಾಗ ಬರೋದನ್ನ ಹಾಡಿನ್ಯಾಗಾ ಹೇಳಬೇಕ್ರಿ,” ಅಂದಳು. “ಹಿಂಗ ಮನಿ ಕಟ್ಟಿ ಮ್ಯಾಲೆ ಕುಂತು ಹೇಳೋದಲ್ಲ.”

“ನಾಳೆ ಹಾಡಿನ್ಯಾಗ ಹೇಳ್ತೀರಾ?”

ಅವಳು ಹಿತ್ತಿಲ ಕಡೆ ನೋಡಿದಳು. “ನಾ ಇರೋದು ಈ ಮನ್ಯಾಗ. ನನ್ನ ಮಣ್ಣು ಮಾಡೋನು ಅವನು.” ತಂಬಿಗೆ ಎತ್ತಿಕೊಂಡು ಒಳಗೆ ಹೋದಳು.

ಉಳಿದದ್ದು ಹಟ್ಟಿಯ ಯಜಮಾನ ಕರಿಸಿದ್ದಪ್ಪ. ಅವನ ಮನೆ ಮಾರಣ್ಣನ ವಂಶದ್ದು, ಶುಕ್ರವಾರದ ನೀರು. ಎಂಬತ್ತರ ಹತ್ತಿರದ ಮುದುಕ. ನನ್ನ ಮಾತನ್ನು ಪೂರ್ತಿ ಕೇಳಿದ.

“ಅವತ್ತು ಒಂದು ಬರದ್ರಿ, ಇವತ್ತು ಒಂದು ಹೇಳ್ತೀರಿ. ನಾಳಿಗೆ ಇನ್ನೊಂದು ಹೇಳಂಗಿಲ್ಲ ಅಂತ ಏನು ಖಾತ್ರಿ ತಾಯಿ? ಕಾಗದದಾಗ ಇರೋದು ಅವರಿಗೆ ಅನುಕೂಲ ಐತಿ. ನೀವು ಹೇಳೋದು ಖಾಲಿ ಜಾಗ. ಖಾಲಿ ಜಾಗ ಇಟ್ಕಂಡು ನ್ಯಾಯ ಹೆಂಗ ಹೇಳ್ಲಿ?”

ಅವನು ಹೇಳಿದ್ದು ಸರಿ. ಹೆಸರು ನನಗೆ ಗೊತ್ತಿಲ್ಲ. ಗೊತ್ತಿದ್ದರೂ ನನ್ನ ಬಾಯಿಂದ ಬಂದರೆ ಬೆಲೆಯಿಲ್ಲ. ನನಗೆ ಬರುವುದು ಒಂದೇ ವಿದ್ಯೆ. ಪ್ರಯೋಗಕ್ಕೆ ಮೊದಲೇ ಏನು ಬರಬೇಕು ಎಂದು ಬರೆದಿಡುವುದು. ಚೀಲದಿಂದ ಒಂದು ಹಾಳೆ ತೆಗೆದು ಬರೆದೆ: ‘ಏಳನೆಯ ಪದದಲ್ಲಿ ಒಂದು ಹೆಸರು ಬಿಟ್ಟಿದೆ. ಅದು ಹೆಂಗಸಿನ ಹೆಸರು. ನಾಲ್ಕು ಸಲ ಬರುತ್ತದೆ, ನಾಲ್ಕು ಸಲವೂ ಅದೇ. ಮೂರು ಸಲ ಸಾಲಿನ ತಲೆಯಲ್ಲಿ, ಕೊನೆಯ ಸಲ ಐತಾರದ ನಂತರ. ಅಳತೆ ಬೋರಣ್ಣನ ಹೆಸರಿನಷ್ಟೇ, ಹೆಚ್ಚಿಲ್ಲ, ಕಡಿಮೆಯಿಲ್ಲ.’ ಕೆಳಗೆ ತಾರೀಕು ಹಾಕಿ ಸಹಿ ಮಾಡಿದೆ.

“ಇದನ್ನ ನಿಮ್ಮ ಹತ್ರ ಇಟ್ಕೊಳ್ರಿ. ನಾಳೆ ಹೆಸರು ಬಂದು, ಇದಕ್ಕ ಕೂಡಲಿಲ್ಲ ಅಂದ್ರ ನಾನು ಮೊದಲು ಬರದದ್ದೇ ಸರಿ ಅಂತ ಎಲ್ಲರ ಮುಂದ ಹೇಳಿ ಹೋಗ್ತೀನಿ.”

“ಬರದಾ ಇದ್ರ?”

“ಬರದಿದ್ರ ನಿಮ್ಮ ಕೈಯಾಗ ಖಾಲಿ ಜಾಗಾನೇ ಇರ್ತೈತಿ.”

ಅವನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ರುಮಾಲಿನ ಒಳಗೆ ಸಿಕ್ಕಿಸಿಕೊಂಡ.

*

ಐತಾರ ಎಂಟು ಗಂಟೆಗೆ ಕಟ್ಟೆಯ ದಂಡೆಯ ಮೇಲೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂತಿದ್ದರು. ಆಚೆ ಜಾಲಿ ಮುಳ್ಳಿನ ಬೇಲಿ ಎಳೆದು ಕಾಂತೇಶನ ಎಂಬತ್ತು ಕುರಿಗಳನ್ನು ತಡೆದಿದ್ದರು. ತೀರ್ಮಾನ ಆಗುವವರೆಗೆ ನೀರಿಲ್ಲ. ಹಿಂದಿನ ಸಂಜೆ ಕುಡಿದ ಕುರಿಗಳು. ನೀರಿನ ವಾಸನೆ ಹತ್ತಿ, ಒಂದರ ಮೇಲೊಂದು ಏರಿ ಅರಚುತ್ತಿದ್ದವು. ಕಾಂತೇಶ್ ಬೇಲಿಗೆ ಅಡ್ಡವಾಗಿ ಕೋಲು ಹಿಡಿದು ನಿಂತಿದ್ದ.

“ಲೇ ಭಾವ, ಗಟ್ಟಿ ಹಿಡಿಲೇ,” ಎಂದು ಪಾಲಣ್ಣ ಕೂಗಿದ. “ಆಮೇಲೆ ಹಳ್ಳಕ್ಕ ಹೊಡಕಂಡು ಹೋಗೂತನ ಕಾಲಾಗ ಶಕ್ತಿ ಬೇಕು.”

“ನಿನ್ನೂ ಕರಕಂಡು ಹೋಗ್ತೀನಿ ಬಾ, ದಾರ್ಯಾಗ ನಗಸಾಕ ಒಬ್ಬ ಬೇಕು,” ಎಂದ ಕಾಂತೇಶ್. ಯಾರೋ ನಕ್ಕರು. ಅವನು ಬೇಲಿಗೆ ಏರಿದ ಒಂದು ಕುರಿಯನ್ನು ಕೋಲಿನಿಂದ ಹಿಂದಕ್ಕೆ ತಳ್ಳಿದ.

ಕರಿಸಿದ್ದಪ್ಪ ಕೈ ಎತ್ತಿದ. “ಓಬವ್ವಾ, ಹಾಡವ್ವ. ಮನಿಗಳ ಪದ ಅಷ್ಟಾ ಸಾಕು.”

ಓಬಮ್ಮ ಮೊದಲ ಮೆಟ್ಟಿಲಿನ ಮೇಲೆ ನಿಂತು ಬೋರಣ್ಣನಿಂದ ಶುರು ಮಾಡಿದಳು. ಸೊಲ್ಲು ಹಿಡಿಯುವವರಿಲ್ಲದೆ ಹಾಡು ಒಂಟಿಯಾಗಿತ್ತು. ನಾನು ವಾಚ್ ಒತ್ತಲಿಲ್ಲ, ಆದರೂ ಬೆರಳು ಎಣಿಸುತ್ತಿತ್ತು. ದೊಡ್ಡಣ್ಣ. ಚೌ‌ಡಣ್ಣ. ಒಬ್ಬೊಬ್ಬರ ಹೆಸರು ಬಂದಾಗ ಆ ಮನೆಯ ಗಂಡಸರು ತಲೆ ಆಡಿಸುತ್ತಿದ್ದರು. ಈರಣ್ಣನ ಶನಿವಾರ ಮುಗಿಯಿತು. ಓಬಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡಳು.

ಮೌನ. ಕುರಿಗಳ ಅರಚಾಟ. ನಂತರ: “ಇಳಿದಾಳ ಮೆಟ್ಟೀಲ ಏಳು.”

ನಾನು ಹೆಂಗಸರ ಕಡೆ ನೋಡಿದೆ. ಈರಕ್ಕ ಎಲ್ಲರ ಹಿಂದೆ ನೆಲ ನೋಡುತ್ತ ಕೂತಿದ್ದಳು.

ಮತ್ತೆ ಮೌನ. ಐದು ಮಾತ್ರೆ. ಯಾರೂ ಬಾಯಿ ತೆರೆಯಲಿಲ್ಲ. “ಬಗದಾಳ ಕೆಸರೀನ ಕಣ್ಣು.”

“ಉಸುರು ಸಾಲವಲ್ದು ಸೋದರತ್ತಿಗೆ,” ಎಂದ ಪಾಲಣ್ಣ. “ನೋಡ್ರಿ ಯಜಮಾನ್ರ, ಮೇಡಂ ಬರದಂಗಾ ಐತಿ. ಮೋಟು ಪದ. ನಮ್ಮ ಆರು ಪದದ ಮುಂದ ಇದು…”

“ಹಾಲವ್ವ.”

ಪಾಲಣ್ಣನ ಮಾತು ಅರ್ಧಕ್ಕೆ ನಿಂತಿತು. ಅದು ಮಾತಾಗಿ ಬರಲಿಲ್ಲ, ರಾಗದಲ್ಲಿ ಬಂತು. ಸ್ವಲ್ಪ ಒಡೆದ, ಸಣ್ಣ ದನಿ. ಈರಕ್ಕ ಕೂತಲ್ಲೇ ಇದ್ದಳು. ಕಣ್ಣು ಇನ್ನೂ ನೆಲದ ಮೇಲೇ ಇತ್ತು.

“ನಿಂತಾಳ ಬರಲಿಲ್ಲ ಮ್ಯಾಲೆ,” ಎಂದು ಓಬಮ್ಮ ಹಾಡಿದಳು. ಆ ಒಂದು ಸಾಲಿನಲ್ಲಿ ಮಾತ್ರ ಅವಳ ಕಾಲ ತಪ್ಪಿತು, ಸ್ವಲ್ಪ ತಡವಾಯಿತು. “ಐತಾರ…”

“ಹಾಲವ್ವ,” ಎಂದರು ಈಗ ಮೂವರು.

“ಹಿಂಡೀಗೆ ನೀರು.”

ಪಾಲಣ್ಣ ಎದ್ದು ನಿಂತ. “ಯವ್ವಾ, ಏನು ನಿಂದು?”

“ಸೊಲ್ಲು ಹಿಡದ್ನಿ,” ಎಂದಳು ಈರಕ್ಕ. “ಹಿಡಿಯೋರು ಹಿಡೀಬೇಕು. ಆಕಿ ಎಷ್ಟೂತನ ಬಾಯಿ ಕಟ್ಕಂಡು ನಿಂದರಬೇಕು?”

“ಮನಿಗೆ ಬಾ, ಹೇಳ್ತೀನಿ.”

“ಬರ್ತೀನಿ. ನನ್ನ ಮನಿ ಅಲ್ಲೇನು ಅದು.”

ಕರಿಸಿದ್ದಪ್ಪ ರುಮಾಲು ಬಿಚ್ಚಿ ಹಾಳೆ ತೆಗೆದ. ನನ್ನನ್ನು ಹತ್ತಿರ ಕರೆದು ಗಟ್ಟಿಯಾಗಿ ಓದಿಸಿದ. ಪಾಲಣ್ಣ, “ನಿನ್ನೆ ಅವ್ವನ ಹತ್ರ ಕೇಳ್ಕಂಡು ಬರದಾರ,” ಅಂದ. “ಹೆಸರು ಬರದಿಲ್ಲಲ್ಲೋ ಮಾರಾಯ, ಅಳತಿ ಬರದಾರ,” ಎಂದ ಮುದುಕ, ಹಾಳೆಯನ್ನು ಅವನ ಕೈಗೇ ಕೊಟ್ಟು. ಆಮೇಲೆ ಮೊದಲಿಂದ ಇನ್ನೊಮ್ಮೆ ಹಾಡಲು ಹೇಳಿದ. ಈ ಸಲ ಸೊಲ್ಲಿಗೆ ನಾಲ್ವರೂ ಎದ್ದು ಮೆಟ್ಟಿಲ ಹತ್ತಿರ ಬಂದು ನಿಂತರು. ಏಳನೆಯ ಪದಕ್ಕೆ ಕರಿಸಿದ್ದಪ್ಪ ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸುತ್ತ ತುಟಿಯಲ್ಲೇ ಗುಣಿಸಿದ: ಬೋ-ರಣ್-ಣ, ಹಾ-ಲವ್-ವ. ಎರಡಕ್ಕೂ ಅದೇ ಗೆಣ್ಣಿಗೆ ಬಂದು ನಿಂತ. ನಾಲ್ಕೂ ಸಲ ಹಾಗೆಯೇ ನೋಡಿದ.

“ಹೆಸರು ಹೊಲಿದು ಕೂಡಿಸಿದ್ದಲ್ಲ ಇದು,” ಎಂದ ಕೊನೆಗೆ. “ಹೆಸರಿನ ಜಾಗ ಬಿಟ್ಟು ಕಾಯ್ಕಂಡು ಬಂದದ್ದು. ಏಳು ಮನಿ. ಕಾಂತೇಶಾ, ಬಿಡಪ ಕುರಿ.”

ಕಾಂತೇಶ್ ಮುಳ್ಳು ಸರಿಸುವಷ್ಟು ಸಮಯವನ್ನೂ ಅವು ಕೊಡಲಿಲ್ಲ. ಮುಂದಿನ ಐದಾರು ಬೇಲಿಯನ್ನೇ ಹಾರಿದವು. ಮರಿಗಳು ತಾಯಂದಿರ ಹೊಟ್ಟೆಯ ಕೆಳಗೆ ನುಗ್ಗಿ ಮೆಟ್ಟಿಲು ಇಳಿದವು. ನಾವೆಲ್ಲ ದಂಡೆಯಿಂದ ಹಿಂದೆ ಸರಿದೆವು. ಕೆಳಗಿನಿಂದ ಅವು ನೀರು ಹೀರುವ ಸದ್ದು ಬಂತು.

ಪಾಲಣ್ಣ ಹಾಳೆಯನ್ನು ಹರಿಯಲಿಲ್ಲ. ನನ್ನ ಕೈಗೆ ವಾಪಸು ಕೊಟ್ಟ. “ಇದನ್ನೂ ಅಚ್ಚು ಹಾಕಸ್ತೀರೇನ್ರಿ?” ಎಂದು ಕೇಳಿದ.

“ಹಾಕಸ್ತೀನಿ.”

“ನಮ್ಮವ್ವನ ಹೆಸರು ಹಾಕ್ರಿ ಹಂಗಾರ,” ಎಂದು, ನಗದೆ, ತನ್ನ ಹಿಂಡಿನ ಕಡೆ ಹೋದ. ಕೋಪದಲ್ಲಿ ಅಂದನೋ, ಬೇರೆ ಯಾವುದರಲ್ಲೋ, ನನಗೆ ಇಂದಿಗೂ ಗೊತ್ತಿಲ್ಲ. ಈರಕ್ಕ ಅವನ ಹಿಂದೆ ನಾಲ್ಕು ಮಾರು ದೂರ ಬಿಟ್ಟು ನಡೆದಳು.

ಬಸ್ಸು ಹನ್ನೊಂದಕ್ಕೆ. ಓಬಮ್ಮ ಕೈ ಹಿಡಿದು ಮನೆಗೆ ಕರೆದುಕೊಂಡು ಹೋದಳು. ಒಲೆಯ ಮುಂದೆ ಕೂತು ಚಹಾ ಕುದಿಸಿ, ಮೇಲಿಂದ ಮೇಕೆಯ ಹಾಲು ಸುರಿದಳು. ಪುಸ್ತಕದ ಹಿಂದಿನ ಪುಟದಲ್ಲಿ ನಾನು ಹಟ್ಟಿಯ ಮಾತು ಎಂದು ಬರೆದುಕೊಂಡದ್ದು ಆಗ ನೆನಪಾಯಿತು. ಅದನ್ನೂ ತಿದ್ದಬೇಕಿತ್ತು; ಅದು ಹಟ್ಟಿಯದಲ್ಲ, ಈ ಮನೆಯ ಸೊಸೆಯ ಮಾತು.

“ಇವತ್ತು ಬಿಳೇದು ಸ್ವಲ್ಪ ಹೆಚ್ಚಿಗಿ ಹಾಕೀನಿ,” ಎಂದು ಅವಳು ಲೋಟ ನನ್ನ ಕೈಗಿಟ್ಟಳು. “ಕುಡೀರಿ.”